ಗುಣವಾದದ್ದು ಯಾವುದರಿಂದ?

ನಮ್ಮವರಲ್ಲಿ ಯಾರಿಗಾದರೂ ಮೈಯಲ್ಲಿ ನೆಟ್ಟಗಿಲ್ಲವೆಂದು ತಿಳಿದರೆ ಸಾಕು, ಔಷಧಕ್ಕಿಂತ ಮೊದಲು ಸಲಹೆಗಳು ಮನೆಗೆ ಬಂದು ಮುಟ್ಟುತ್ತವೆ. ಘಣಸೋಲಿಯ ಒಂದು ಕಟ್ಟಡದಲ್ಲಿ ನಾಲ್ಕು ಕನ್ನಡ ಮನೆಗಳಿದ್ದರೆ ಐದು ಸಲಹೆಗಳು ಸಿದ್ಧ. "ನಮ್ಮ ಷಡ್ಡಕನಿಗೂ ಇದೇ ಬೇನೆ ಇತ್ತು, ವಾಶಿಯ ಒಂದು ದವಾಖಾನೆಯಲ್ಲಿ ಮೂರೇ ದಿನಕ್ಕೆ ಎದ್ದು ಕೂತ" ಎಂದು ಒಬ್ಬರು ಹೇಳಿದರೆ, "ಅಲ್ಲಿಗೆ ಮಾತ್ರ ಹೋಗಬೇಡಿರಿ, ನಮ್ಮ ವೈನಿಯವರ ತಾಯಿ ಅಲ್ಲಿಂದ ತಿರುಗಿ ಬರಲಿಲ್ಲ" ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರೂ ಸುಳ್ಳಾಡುವ ಜನರಲ್ಲ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಆದರೆ ಷಡ್ಡಕನು ದವಾಖಾನೆಗೆ ಹೋಗದೆ ಮನೆಯಲ್ಲಿಯೇ ಗಂಜಿ ಕುಡಿದು ಮಲಗಿದ್ದರೆ ಎಷ್ಟು ದಿನಕ್ಕೆ ಏಳುತ್ತಿದ್ದನು? ಇದನ್ನು ಯಾರೂ ಕೇಳುವುದಿಲ್ಲ. ಕೇಳಿದವನು ಅಧಿಕಪ್ರಸಂಗಿ ಎನಿಸಿಕೊಳ್ಳುತ್ತಾನೆ.

ಆ ಅಧಿಕಪ್ರಸಂಗವನ್ನೇ ಈ ಸಲ ಸ್ವಲ್ಪ ವಿಸ್ತಾರವಾಗಿ ಮಾಡಬೇಕೆಂದಿದ್ದೇನೆ. ಕಾರಣವಿಷ್ಟೇ. ಊರು ಬಿಟ್ಟು ಬಂದ ನಾವು ಬಹುಮಂದಿ, ಇಲ್ಲಿ ಕುಳಿತುಕೊಂಡೇ ಊರಿನ ಮನೆಯ ಆರೋಗ್ಯದ ಕಾರಭಾರ ನಡೆಸುವವರು. ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿರಲಿ, ಉಡುಪಿಯ ಕಡೆಯ ಹೋಟೆಲಿನವರಿರಲಿ, ನನ್ನಂಥ ನೌಕರದಾರರಿರಲಿ, ರಾತ್ರಿ ಫೋನು ಬಂದರೆ ನಿರ್ಣಯ ಮಾಡಬೇಕಾದವರು ನಾವೇ. ಅವ್ವನನ್ನು ಊರಿನ ಆರೋಗ್ಯ ಕೇಂದ್ರದಲ್ಲಿಯೇ ತೋರಿಸುವುದೋ, ಜಿಲ್ಲೆಯ ದೊಡ್ಡ ದವಾಖಾನೆಗೆ ಒಯ್ಯುವುದೋ, ಇಲ್ಲವೇ ರಾತ್ರಿಯ ಗಾಡಿಗೆ ಹಾಕಿ ಕಲ್ಯಾಣಕ್ಕೆ ಕರೆಸಿಕೊಳ್ಳುವುದೋ? ಸಾಲ ಎಷ್ಟು ಮಾಡುವುದು? ಇದಕ್ಕೆಲ್ಲ ನಮಗಿರುವ ಆಧಾರ ಷಡ್ಡಕನ ಕಥೆ ಒಂದೇ.

ಸರಕಾರಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆ ಇರುವುದಿಲ್ಲ. ಯಾವುದೋ ರಾಜ್ಯದಲ್ಲಿ ಒಂದು ಯೋಜನೆ ಚೆನ್ನಾಗಿ ನಡೆದಿದೆ ಎಂದು ಒಬ್ಬ ಅಧಿಕಾರಿ ಕೇಳಿಕೊಂಡು ಬರುತ್ತಾರೆ; ಮರುವರ್ಷ ಅದು ನಮ್ಮಲ್ಲಿಗೂ ಬರುತ್ತದೆ. ನಡೆಯಿತೆ ಎಂದರೆ "ಇಷ್ಟು ಕೋಟಿ ಖರ್ಚಾಯಿತು, ಇಷ್ಟು ಲಕ್ಷ ಜನ ಪ್ರಯೋಜನ ಪಡೆದರು" ಎಂಬ ವರದಿ ಸಿಗುತ್ತದೆ. ಇಂಥ ವರದಿಗಳನ್ನು ಟೈಪು ಮಾಡಿಯೇ ನನ್ನ ಅನ್ನ ನಡೆಯುತ್ತಿರುವುದರಿಂದ ಅವುಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ಪ್ರಯೋಜನ ಪಡೆಯದವರ ಗತಿ ಏನಾಯಿತು ಎಂಬುದನ್ನು ಪಕ್ಕದಲ್ಲಿಟ್ಟು ನೋಡದ ಹೊರತು ಯೋಜನೆಯಿಂದ ಏನಾಯಿತೆಂದು ಹೇಳಲು ಬರುವುದಿಲ್ಲ. ಈ ಪಕ್ಕದ ಕಾಲಮ್ಮೇ ಮುಖ್ಯವಾದದ್ದು. ವರದಿಗಳಲ್ಲಿ ಸಾಮಾನ್ಯವಾಗಿ ಇರದೆ ಹೋಗುವುದೂ ಅದೇ.

ಆ ಕಾಲಮ್ಮನ್ನು ಬಹಳ ಹಿಂದೆಯೇ ಬರೆದಿಟ್ಟದ್ದು ನಮ್ಮ ನೆರೆಯಲ್ಲೇ, ಮುಂಬಯಿಯ ಭಾಯಖಳಾದ ಜೈಲಿನಲ್ಲಿ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ೧೮೯೬ರ ಸಪ್ಟೆಂಬರಿನಲ್ಲಿ ಮಾಂಡವಿ ಭಾಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದನ್ನು ಗುರುತಿಸಿದವರು ಡಾಕ್ಟರ್ ಅಕಾಸಿಯೊ ವೀಗಾಸ್. ಜನ ಊರು ಬಿಟ್ಟು ಓಡಲಾರಂಭಿಸಿದರು. ಕಾಲರಾ ಲಸಿಕೆಯ ಕೆಲಸಕ್ಕಾಗಿ ಆಗಲೇ ಹಿಂದುಸ್ತಾನಕ್ಕೆ ಬಂದಿದ್ದ ಹಾಫ್‌ಕಿನ್ ಎಂಬ ವಿಜ್ಞಾನಿಯನ್ನು ಸರಕಾರ ಮುಂಬಯಿಗೆ ಕರೆಸಿಕೊಂಡಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕೊಟ್ಟ ಇಕ್ಕಟ್ಟಾದ ಜಾಗದಲ್ಲಿ ಆತ ಕೆಲವೇ ತಿಂಗಳಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿ, ೧೮೯೭ರ ಜನವರಿ ೧೦ರಂದು ಮೊದಲು ತನಗೇ ಚುಚ್ಚಿಸಿಕೊಂಡ. ಅದೇ ತಿಂಗಳ ಕೊನೆಗೆ ಭಾಯಖಳಾ ಜೈಲಿನೊಳಗೆ ಪ್ಲೇಗು ಹೊಕ್ಕಿತು.

ಕೈದಿಗಳಲ್ಲಿ ಒಪ್ಪಿದವರಿಗೆ ಲಸಿಕೆ ಹಾಕಲಾಯಿತು. ಸುಮಾರು ಅರ್ಧದಷ್ಟು ಜನ ಒಪ್ಪಿದರು, ಉಳಿದವರು ಒಪ್ಪಲಿಲ್ಲ. ಎಲ್ಲರೂ ಒಂದೇ ಗೋಡೆಯ ಒಳಗಿನವರು. ಒಂದೇ ಅಡಿಗೆ, ಒಂದೇ ನೀರು. ಆ ಮೇಲಿನ ದಿನಗಳಲ್ಲಿ ಹಾಕಿಸಿಕೊಳ್ಳದವರಲ್ಲಿ ೧೨ ಜನರಿಗೆ ಪ್ಲೇಗು ತಗಲಿತು, ಅವರಲ್ಲಿ ೬ ಜನ ತೀರಿದರು. ಹಾಕಿಸಿಕೊಂಡವರಲ್ಲಿ ಇಬ್ಬರಿಗೆ ತಗಲಿತು, ಸತ್ತವರಿಲ್ಲ.

ಇಷ್ಟಕ್ಕೆ ಒಪ್ಪಿಬಿಡಬಹುದಾಗಿತ್ತು. ಆದರೆ ಇಲ್ಲಿಯೂ ಒಂದು ತಕರಾರು ತೆಗೆಯಲು ಬರುತ್ತದೆ. ಮುಂದೆ ಬಂದು ತೋಳು ಚಾಚಿದವರು ಗಟ್ಟಿ ಮೈಯವರೇ ಆಗಿದ್ದರೆ? ಹೆದರಿ ಹಿಂದೆ ನಿಂತವರು ಮೊದಲೇ ನಿತ್ರಾಣರಾಗಿದ್ದರೆ? ಆಗ ಉಳಿಸಿದ್ದು ಲಸಿಕೆಯೋ ಮೈಯ ಕಸುವೋ ಎಂದು ಹೇಳುವುದು ಹೇಗೆ? ಬಡೋದೆಯ ಹತ್ತಿರದ ಉಂಧೇರಾ ಎಂಬ ಹಳ್ಳಿಯಲ್ಲಿ ೧೮೯೮ರಲ್ಲಿ ನಡೆದ ಕೆಲಸ ಈ ತಕರಾರಿಗೆ ಉತ್ತರ ಕೊಟ್ಟಿತು. ಅಲ್ಲಿ ಪ್ರತಿಯೊಂದು ಮನೆಯಲ್ಲಿಯೂ ಅರ್ಧ ಜನರಿಗೆ ಲಸಿಕೆ ಹಾಕಿ ಅರ್ಧ ಜನರನ್ನು ಬಿಟ್ಟರು. ಅದೇ ಸೂರು, ಅದೇ ಒಲೆ, ಅದೇ ರಕ್ತ. ಆ ಮೇಲೆ ರೋಗ ಹೊಕ್ಕ ೨೮ ಮನೆಗಳಲ್ಲಿ ಹಾಕಿಸಿಕೊಂಡವರು ೭೧, ಹಾಕಿಸಿಕೊಳ್ಳದವರು ೬೪. ಮೊದಲಿನವರಲ್ಲಿ ೮ ಜನರಿಗೆ ರೋಗ ಬಂದು ೩ ಜನ ತೀರಿದರು. ಎರಡನೆಯವರಲ್ಲಿ ೨೭ ಜನರಿಗೆ ಬಂದು ೨೬ ಜನ ತೀರಿದರು. ಆ ಇಪ್ಪತ್ತಾರರಲ್ಲಿ ಯಾರ ತಾಯಿ, ಯಾರ ಮಗ ಇದ್ದರೋ! ಈಗಿನ ಕಾಲದಲ್ಲಿ ಹೀಗೆ ಮನೆ ಸೀಳಿ ಲೆಕ್ಕ ತೆಗೆಯಲು ಯಾರೂ ಅಪ್ಪಣೆ ಕೊಡಲಾರರು. ಕೊಡಬಾರದೆಂದೇ ನನ್ನ ಅಭಿಪ್ರಾಯ. ಆದರೂ ಆ ಲೆಕ್ಕ ಬಂದ ಮೇಲೆ ತಕರಾರಿಗೆ ಎಡೆ ಉಳಿಯಲಿಲ್ಲ.

ಅದೇ ವರ್ಷ ಪ್ಲೇಗು ನಮ್ಮ ಹುಬ್ಬಳ್ಳಿಯ ಮೇಲೆ ಬಿತ್ತು. ಹುಬ್ಬಳ್ಳಿ ಆಗ ಮುಂಬಯಿ ಇಲಾಖೆಯ ಊರು. ರೇಲ್ವೆ ಕಾರ್ಖಾನೆ, ಹತ್ತಿಯ ಗಿರಣಿಗಳಿದ್ದ ಜನಭರಿತ ಪೇಟೆ. ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡು ಇದ್ದ ಕಥೆಯನ್ನು ಧಾರವಾಡ ಜಿಲ್ಲೆಯ ಹಳೆಯ ಮನೆತನಗಳಲ್ಲಿ ಅಜ್ಜಿಯರು ತಮ್ಮ ಅಜ್ಜಿಯರಿಂದ ಕೇಳಿ ಹೇಳುತ್ತಿದ್ದರು. ಅಲ್ಲಿ ಲ್ಯೂಮನ್ ಎಂಬ ಸರ್ಜನ್ನರ ನೋಟದಲ್ಲಿ ಊರಿಗೆ ಊರೇ ಎಂಬಂತೆ ಲಸಿಕೆ ನಡೆಯಿತು. ಸುಮಾರು ಐವತ್ತು ಸಾವಿರದ ಊರಿನಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ತೋಳು ಚಾಚಿದರು. ಸ್ವಾರಸ್ಯವೆಂದರೆ ಅಲ್ಲಿ ವಾರವಾರವೂ ಎರಡು ಕಾಲಮ್ಮಿನ ಲೆಕ್ಕ ಬರೆದಿಟ್ಟರು: ಈ ವಾರ ಹಾಕಿಸಿಕೊಂಡವರಲ್ಲಿ ಸತ್ತವರೆಷ್ಟು, ಹಾಕಿಸಿಕೊಳ್ಳದವರಲ್ಲಿ ಸತ್ತವರೆಷ್ಟು. ಹುಬ್ಬಳ್ಳಿಯ ಈ ಲೆಕ್ಕ ಆಮೇಲೆ ಲಂಡನ್ನಿನ ತನಕ ಹೋಗಿ ವೈದ್ಯರ ಪುಸ್ತಕಗಳಲ್ಲಿ ಸೇರಿತು. ಅದನ್ನು ದಿನಾಲು ಬರೆದ ಕಾರಕೂನರ ಹೆಸರು ಮಾತ್ರ ಯಾವ ಪುಸ್ತಕದಲ್ಲಿಯೂ ನನಗೆ ಸಿಕ್ಕಿಲ್ಲ. ನಮ್ಮ ಜಾತಿಯವರ ಪಾಡೇ ಅಷ್ಟು.

ಇಷ್ಟೆಲ್ಲ ಲೆಕ್ಕ ಕಲಿಸಿದ ಹಾಫ್‌ಕಿನ್‌ನಿಗೇ ಒಂದು ದಿನ ಲೆಕ್ಕವಿಲ್ಲದ ನಿರ್ಣಯ ಬಂದು ಬಡಿಯಿತು. ೧೯೦೨ರ ಅಕ್ಟೋಬರ ೩೦ರಂದು ಪಂಜಾಬದ ಮಲಕೋವಾಲ ಎಂಬ ಹಳ್ಳಿಯಲ್ಲಿ ೧೦೭ ಜನರಿಗೆ ಲಸಿಕೆ ಹಾಕಿದರು. ಅವರಲ್ಲಿ ೧೯ ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಮುಂಬಯಿಯ ಪ್ರಯೋಗಶಾಲೆಯದೇ ಎಂದು ಹೇಳಿ ಆತನನ್ನು ಕೆಲಸದಿಂದ ಇಳಿಸಿದರು. ಆದರೆ ಆ ದಿನ ಒಡೆದ ಬಾಟಲಿಗಳು ಐದು; ಸತ್ತ ೧೯ ಜನರಿಗೂ ಹಾಕಿದ್ದು ಒಂದೇ ಬಾಟಲಿಯಿಂದ. ಉಳಿದ ನಾಲ್ಕರಿಂದ ಹಾಕಿಸಿಕೊಂಡವರಿಗೆ ಏನೂ ಆಗಿರಲಿಲ್ಲ. ಆ ಒಂದು ಬಾಟಲಿಯನ್ನು ಹಳ್ಳಿಯಲ್ಲಿ ತೆರೆಯುವಾಗಲೇ ಮಲಿನವಾಗಿರಬೇಕೆಂದು ರೊನಾಲ್ಡ್ ರಾಸ್ ಮೊದಲಾದವರು ವಾದಿಸಿದರು. ೧೯೦೭ರಲ್ಲಿ ಆತನು ನಿರ್ದೋಷಿ ಎಂದಾಯಿತು. ಐದು ವರ್ಷ ಹೋದವು ಹೋದವೇ. ೧೯೨೫ರಲ್ಲಿ ಪರಳದ ಪ್ರಯೋಗಶಾಲೆಗೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಅದು ಇಂದಿಗೂ ಅಲ್ಲಿದೆ.

ಈ ಹಳೆಯ ಪುರಾಣವೇಕೆ ಎಂದು ಕೇಳಬಹುದು. ಹುಬ್ಬಳ್ಳಿಯ ಲೆಕ್ಕಕ್ಕೆ ನೂರು ವರ್ಷ ದಾಟಿದ ಮೇಲೆ ಕರ್ನಾಟಕದಲ್ಲಿ ಇದೇ ಎರಡು ಕಾಲಮ್ಮಿನ ಪದ್ಧತಿಯಿಂದ ಕೆಲವು ಪರೀಕ್ಷೆಗಳು ನಡೆದವು. ಈ ಸಲ ಪರೀಕ್ಷೆಗೆ ನಿಂತದ್ದು ಲಸಿಕೆ ಅಲ್ಲ, ಸರಕಾರಿ ವ್ಯವಸ್ಥೆಯೇ. ಅವುಗಳಲ್ಲಿ ಒಂದು ನನ್ನ ವೃತ್ತಿಗೆ ತೀರ ಹತ್ತಿರದ್ದು: ಹಾಜರಿ!

ಹಾಜರಿಯ ಶಾಸ್ತ್ರದಲ್ಲಿ ಸರಕಾರಿ ಕಾರಕೂನನಿಗೆ ಸ್ವಲ್ಪ ಅಧಿಕಾರವಾಣಿ ಉಂಟೆಂಬುದನ್ನು ವಾಚಕರು ಒಪ್ಪಬೇಕು. ಹಿಂದೆ ಮಸ್ಟರ್ ಪುಸ್ತಕವಿತ್ತು. ಹತ್ತೂಕಾಲಿಗೆ ಸಾಹೇಬರು ಕೆಂಪು ಗೆರೆ ಎಳೆಯುತ್ತಿದ್ದರು. ಗೆರೆಯ ಮೇಲೆ ಸಹಿ ತುರುಕುವ ಕಲೆಯಲ್ಲಿ ನಿಪುಣರಾದವರು ಎಲ್ಲ ಕಚೇರಿಗಳಲ್ಲಿಯೂ ಇದ್ದರು. ಈಗ ಹೆಬ್ಬೆಟ್ಟಿನ ಯಂತ್ರ ಬಂದಿದೆ. ಯಂತ್ರಕ್ಕೆ ಹೆಬ್ಬೆಟ್ಟು ಬಂದದ್ದು ಗೊತ್ತಾಗುತ್ತದೆ. ಹೆಬ್ಬೆಟ್ಟಿನ ಹಿಂದಿನ ಮನುಷ್ಯ ಕುರ್ಚಿಯಲ್ಲಿ ಕುಳಿತನೇ, ಚಹಕ್ಕೆ ಹೋದನೇ ಎಂಬುದು ಗೊತ್ತಾಗುವುದಿಲ್ಲ. ಆದರೂ ಠಾಣೆ–ವಾಶಿ ಲೋಕಲಿನಲ್ಲಿ ಬೆಳಗಿನ ಒಂಬತ್ತರ ಹೊತ್ತಿಗೆ ಜನ ಯಾಕೆ ಅಷ್ಟು ತಳ್ಳಾಡುತ್ತಾರೆಂದು ನೋಡಿದರೆ ಯಂತ್ರದಿಂದ ಏನೂ ಆಗಿಲ್ಲವೆಂದು ಹೇಳಲಾಗದು.

೨೦೧೦ರ ಸುಮಾರಿಗೆ ಕರ್ನಾಟಕ ಸರಕಾರವು ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಂಥ ಯಂತ್ರ ಕೊಡಲು ಯೋಚಿಸಿತು. ಹಳ್ಳಿಯ ಕೇಂದ್ರಕ್ಕೆ ಹೋದರೆ ಡಾಕ್ಟರರಿಲ್ಲ, ನರ್ಸಬಾಯಿ ಇಲ್ಲ, ಔಷಧ ಕೊಡುವವನಿಲ್ಲ ಎಂಬುದು ಊರಿನಿಂದ ಬರುವ ಫೋನುಗಳಲ್ಲಿ ನಾವೆಲ್ಲ ಕೇಳಿದ ದೂರೇ. ಸಾಮಾನ್ಯವಾಗಿ ಸರಕಾರ ಎಲ್ಲ ಕಡೆಗೂ ಒಮ್ಮೆಲೇ ಯಂತ್ರ ಖರೀದಿ ಮಾಡಿ ಉದ್ಘಾಟನೆ ಮಾಡಿಬಿಡುತ್ತದೆ. ಈ ಸಲ ಹಾಗೆ ಮಾಡಲಿಲ್ಲ. ಐದು ಜಿಲ್ಲೆಗಳಲ್ಲಿ ೩೨೨ ಕೇಂದ್ರಗಳನ್ನು ಆರಿಸಿ, ಚೀಟಿ ಎತ್ತಿದಂತೆ ೧೪೦ ಕೇಂದ್ರಗಳಿಗೆ ಮಾತ್ರ ಯಂತ್ರ ಕೊಟ್ಟರು. ಉಳಿದವು ಹಾಗೆಯೇ ಇದ್ದವು. ಚೀಟಿಯ ಗುಣವೆಂದರೆ ಅದಕ್ಕೆ ಶಾಸಕರ ಪರಿಚಯವಿಲ್ಲ. ಒಳ್ಳೆಯ ಕೇಂದ್ರ, ಕೆಟ್ಟ ಕೇಂದ್ರ ಎಂದು ಅದು ಆರಿಸುವುದಿಲ್ಲ. ಭಾಯಖಳಾದ ತಕರಾರು ಇಲ್ಲಿ ಹುಟ್ಟುವುದೇ ಇಲ್ಲ. ಯಂತ್ರದ ಹಾಜರಿ ಬೆಂಗಳೂರಿಗೆ ಮುಟ್ಟುತ್ತಿತ್ತು. ಇಕ್ಬಾಲ್ ಧಾಲಿವಾಲ್ ಮತ್ತು ರೇಮಾ ಹನ್ನಾ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕದ ಹೊಣೆ ಹೊತ್ತರು. ಅವರ ಜನ ಮುಂಚಿತವಾಗಿ ತಿಳಿಸದೆ ಎಲ್ಲ ಕೇಂದ್ರಗಳಿಗೂ ಹೋಗಿ, ಯಾರಿದ್ದಾರೆ ಯಾರಿಲ್ಲ ಎಂದು ತಾವೇ ನೋಡಿ ಬರೆದುಕೊಂಡರು. ಯಂತ್ರದ ಮಾತನ್ನು ಯಂತ್ರದಿಂದಲೇ ಕೇಳಲಿಲ್ಲವೆಂಬುದು ಇಲ್ಲಿ ಮುಖ್ಯ.

ಫಲ ಏನು ಬಂತು? ಸಿಬ್ಬಂದಿಯ ಹಾಜರಿ ನೂರಕ್ಕೆ ಸುಮಾರು ಹದಿನೈದರಷ್ಟು ಏರಿತು. ಆದರೆ ಏರಿದ್ದು ನರ್ಸುಗಳು, ಪ್ರಯೋಗಶಾಲೆಯವರು, ಔಷಧ ವಿತರಕರು ಇವರ ಹಾಜರಿ. ಡಾಕ್ಟರರ ಹಾಜರಿ ಇದ್ದಲ್ಲಿಯೇ ಇತ್ತು. ಕಚೇರಿಯ ಅನುಭವವುಳ್ಳವರು ಇದನ್ನು ಓದಿ ನಗಬಹುದು. ಯಂತ್ರ ಬಂದ ದಿನದಿಂದ ಸಿಪಾಯಿ, ಕಾರಕೂನರು ಸಮಯಕ್ಕೆ ಬರುತ್ತಾರೆ. ಸಾಹೇಬರ ಹೆಬ್ಬೆಟ್ಟಿಗೆ ಮಾತ್ರ ಸದಾ "ಬಾಹ್ಯ ಕೆಲಸ" ಇರುತ್ತದೆ.

ನಗು ಒಂದು ಕಡೆಗಿರಲಿ. ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಯಂತ್ರವಿದ್ದ ಕೇಂದ್ರಗಳ ಸುತ್ತಲಿನ ಊರುಗಳಲ್ಲಿ ಎರಡೂವರೆ ಕಿಲೋಕ್ಕಿಂತ ಕಡಿಮೆ ತೂಕದ ಕೂಸು ಹುಟ್ಟುವ ಸಂಭವ ನೂರಕ್ಕೆ ೨೬ರಷ್ಟು ಇಳಿದಿತ್ತು. ಕಡಿಮೆ ತೂಕದ ಕೂಸು ಎಂದರೆ ಏನೆಂದು ಹೆತ್ತವರಿಗೆ ಹೇಳಬೇಕಾಗಿಲ್ಲ. ಬಸುರಿಯೊಬ್ಬಳು ಮೂರು ಮೈಲಿ ನಡೆದು ಕೇಂದ್ರಕ್ಕೆ ಬಂದಾಗ ನರ್ಸಬಾಯಿ ಕುರ್ಚಿಯಲ್ಲಿದ್ದಳು, ತೂಕ ನೋಡಿದಳು, ರಕ್ತ ಪರೀಕ್ಷೆ ಮಾಡಿಸಿದಳು, ಗುಳಿಗೆ ಕೊಟ್ಟಳು, ಹೆರಿಗೆಗೆ ದೊಡ್ಡ ದವಾಖಾನೆಗೆ ಹೋಗೆಂದು ಹೇಳಿದಳು. ಹೀಗೆ ನಡೆದಿರಬೇಕೆಂದು ನನ್ನ ಊಹೆ. ಹೆರಿಗೆಗೆ ದೊಡ್ಡ ಆಸ್ಪತ್ರೆಗಳಿಗೆ ಹೋದವರು ಹೆಚ್ಚಾದರೆಂಬುದೂ ಲೆಕ್ಕದಲ್ಲಿ ಕಂಡಿದೆ. ಡಾಕ್ಟರರಿಲ್ಲದೆ ನಡೆಯದೆಂದು ನಾವು ತಿಳಿದ ಎಷ್ಟೋ ಕೆಲಸ ನರ್ಸಬಾಯಿ ಹೊತ್ತಿಗೆ ಸರಿಯಾಗಿ ಬಂದದ್ದರಿಂದಲೇ ನಡೆದುಹೋಯಿತು.

ಇನ್ನು ಮುಂದಿನದು ಬೇಸರದ ಮಾತು. ಬಾರದವರ ರಜೆ ಕಡಿಯಬೇಕು, ನೋಟೀಸು ಕೊಡಬೇಕು ಎಂಬ ನಿಯಮ ಕಾಗದದ ಮೇಲೆ ಇತ್ತು. ಅದು ಪೂರ್ಣವಾಗಿ ಜಾರಿಗೆ ಬರಲಿಲ್ಲ. ಕಾರಣ ತಿಳಿಯದ್ದೇನಲ್ಲ. ಹಳ್ಳಿಗೆ ಡಾಕ್ಟರರು ಸಿಗುವುದೇ ಕಷ್ಟ. ಬಿಗಿ ಮಾಡಿದರೆ ರಾಜೀನಾಮೆ ಕೊಟ್ಟು ಪೇಟೆಯಲ್ಲಿ ಸ್ವಂತ ದವಾಖಾನೆ ತೆರೆಯುತ್ತಾರೆ. ಅರ್ಧ ದಿನ ಬರುವ ಡಾಕ್ಟರನೂ ಇಲ್ಲದ ಕುರ್ಚಿಗಿಂತ ವಾಸಿ ಎಂದು ಮೇಲಿನವರು ಲೆಕ್ಕ ಹಾಕುತ್ತಾರೆ. ಸಿಬ್ಬಂದಿಯಲ್ಲಿಯೂ ಅಸಮಾಧಾನ ಬೆಳೆಯಿತು. ಯಾವ ಸುಧಾರಣೆಯಿಂದ ಏನಾಗುತ್ತದೆಂದು ಇಷ್ಟು ಸ್ಪಷ್ಟವಾಗಿ ಗೊತ್ತಾದ ಮೇಲೂ ಅದನ್ನು ಪೂರ್ತಿ ನಡೆಸುವ ಧೈರ್ಯವಾಗಲಿಲ್ಲ. ಇಲ್ಲಿ ಡಾಕ್ಟರರನ್ನು ಬೈದು ಬಿಡುವುದು ಸುಲಭ. ಆದರೆ ಮಕ್ಕಳಿಗೆ ಶಾಲೆಯಿಲ್ಲದ, ರಾತ್ರಿ ದೀಪವಿಲ್ಲದ ಊರಿನಲ್ಲಿ ನಾವೇ ನಿಲ್ಲಲಿಲ್ಲ. ಠಾಣೆ–ಬೇಲಾಪುರ ರಸ್ತೆಯ ಪಕ್ಕದಲ್ಲಿ ಎರಡು ಕೋಣೆಯ ಮನೆ ಹುಡುಕಿಕೊಂಡು ಬಂದವರು ನಾವು.

ಎರಡನೆಯ ಪರೀಕ್ಷೆ ದುಡ್ಡಿನದು. ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆಯ ಹೆಸರು ಉತ್ತರ ಕರ್ನಾಟಕದ ಕಡೆಯವರಿಗೆ ಹೊಸದಲ್ಲ. ಹೃದಯ, ಮೂತ್ರಪಿಂಡ, ಕ್ಯಾನ್ಸರ್, ಸುಟ್ಟ ಗಾಯ ಮೊದಲಾದ ದೊಡ್ಡ ಬೇನೆಗಳಿಗೆ ಬಡವರು ದುಡ್ಡು ಕೊಡದೆ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದಾಗಿತ್ತು. ಒಂದು ಮನೆಗೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಗಳ ತನಕ ಸರಕಾರವೇ ಆಸ್ಪತ್ರೆಗೆ ಕೊಡುತ್ತಿತ್ತು. ಇದಕ್ಕೆ ಹೆಸರು ನೋಂದಾಯಿಸುವ ಗೊಡವೆ ಇರಲಿಲ್ಲ. ಬಡತನದ ರೇಖೆಯ ಕೆಳಗಿನ ರೇಶನ್ ಕಾರ್ಡು ಇದ್ದರೆ ಸಾಕು. ಆಸ್ಪತ್ರೆಗಳವರು ಹಳ್ಳಿಗಳ ಕಡೆಗೆ ಬಂದು ಶಿಬಿರ ನಡೆಸಿ, ರೋಗಿಗಳನ್ನು ಹುಡುಕಿ ಕರೆದೊಯ್ಯುತ್ತಿದ್ದರು. ಈ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಡಬೇಕು.

ಯೋಜನೆ ೨೦೧೦ರಲ್ಲಿ ಕಲಬುರಗಿಯ ಕಡೆಯಿಂದ ಮೊದಲಾಯಿತು. ದಕ್ಷಿಣದ ಜಿಲ್ಲೆಗಳಿಗೆ ೨೦೧೨ರಲ್ಲಿ ಹೋಯಿತು. ಒಮ್ಮೆಲೇ ಎಲ್ಲರಿಗೂ ಕೊಡುವಷ್ಟು ಸೌಕರ್ಯ ಇಲ್ಲದ್ದರಿಂದ ನಡುವೆ ಒಂದು ಗೆರೆ ತಾನಾಗಿಯೇ ಬಿತ್ತು. ಗೆರೆಯ ಈಚೆಯ ಹಳ್ಳಿಗೆ ಯೋಜನೆಯಿದೆ, ಆಚೆಯ ಹಳ್ಳಿಗೆ ಇಲ್ಲ. ಎರಡೂ ಕಡೆಯವರು ಅದೇ ಜೋಳ ತಿನ್ನುವ, ಅದೇ ಸಂತೆಗೆ ಹೋಗುವ, ಹೆಣ್ಣು ಕೊಟ್ಟು ತರುವ ಜನ. ನೀರಜ್ ಸೂದ್, ಅರ್ಣಬ್ ಮುಖರ್ಜಿ ಮೊದಲಾದ ಪಂಡಿತರು ಈ ಗೆರೆಯನ್ನೇ ಹಿಡಿದುಕೊಂಡರು. ಎರಡೂ ಕಡೆಯ ೫೭೨ ಹಳ್ಳಿಗಳಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೋಗಿ ಕೇಳಿಸಿದರು. ಅವರ ಲೆಕ್ಕ ೨೦೧೪ರಲ್ಲಿ ಬ್ರಿಟನ್ನಿನ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಯೋಜನೆಯಲ್ಲಿ ಬರುವ ಬೇನೆಗಳಿಂದ ಸತ್ತವರು ಗೆರೆಯ ಆಚೆಗೆ ಬಡವರ ಮನೆಗಳಲ್ಲಿ ನೂರಕ್ಕೆ ೦.೯೦, ಈಚೆಗೆ ೦.೩೨. ಎಂದರೆ ಮೂರರಲ್ಲಿ ಎರಡು ಪಾಲಿನಷ್ಟು ಕಡಿಮೆ. ಆಸ್ಪತ್ರೆಗೆ ಸೇರಿದವರು ಕೈಯಿಂದ ಕೊಟ್ಟ ದುಡ್ಡು ನೂರಕ್ಕೆ ೩೪ರಷ್ಟು ಕಡಿಮೆ.

ಅವರು ಇನ್ನೊಂದು ಜಾಣತನ ಮಾಡಿದ್ದರು. ಗೆರೆಯ ಎರಡೂ ಕಡೆಗೆ ಯೋಜನೆ ಸಿಗದ, ಸ್ವಲ್ಪ ಅನುಕೂಲವಂತರ ಮನೆಗಳನ್ನೂ ಎಣಿಸಿದರು. ಅಲ್ಲಿ ಈಚೆಗೂ ಆಚೆಗೂ ಭೇದ ಕಾಣಲಿಲ್ಲ. ಯೋಜನೆಗೆ ಸೇರದ ಬೇನೆಗಳಲ್ಲಿಯೂ ಭೇದ ಕಾಣಲಿಲ್ಲ. ಈಚೆಯ ಹಳ್ಳಿಗಳ ಗಾಳಿಯೇ ಒಳ್ಳೆಯದಾಗಿದ್ದರೆ ಎಲ್ಲರಿಗೂ ಒಳ್ಳೆಯದಾಗಬೇಕಾಗಿತ್ತಲ್ಲವೆ? ಉಳಿಸಿದ್ದು ಯೋಜನೆಯೇ ಎಂದು ಹೇಳಲು ಇದಕ್ಕಿಂತ ಬಲವಾದ ಸಾಕ್ಷಿ ಹಳ್ಳಿಗಾಡಿನಲ್ಲಿ ಸಿಗುವುದು ಅಪರೂಪ.

ಹಾಗಾದರೆ ಬಡವರ ಕೈಗೆ ಒಂದು ಕಾರ್ಡು ಕೊಟ್ಟರೆ ಕೆಲಸವಾಯಿತಲ್ಲ ಎಂದು ಹೇಳಿಬಿಡಬಹುದೆ? ಮೂರನೆಯ ಪರೀಕ್ಷೆ ಅದಕ್ಕೆ ತಡೆ ಹಾಕುತ್ತದೆ. ಕೇಂದ್ರ ಸರಕಾರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ೨೦೦೮ರಲ್ಲಿ ಬಂದಿತ್ತು. ಮೂವತ್ತು ರೂಪಾಯಿ ಕೊಟ್ಟು ನೋಂದಾಯಿಸಿಕೊಂಡರೆ ಐದು ಜನರ ಮನೆಗೆ ವರ್ಷಕ್ಕೆ ಮೂವತ್ತು ಸಾವಿರದ ತನಕ ಆಸ್ಪತ್ರೆಯ ಖರ್ಚು. ಇದನ್ನು ಬಡತನದ ರೇಖೆಗಿಂತ ಮೇಲಿನವರಿಗೂ ಕೊಟ್ಟರೆ ಏನಾಗುತ್ತದೆಂದು ನೋಡಲು ಕಲಬುರಗಿ, ಮೈಸೂರಿನ ಕಡೆಯ ೪೩೫ ಹಳ್ಳಿಗಳಲ್ಲಿ ಸುಮಾರು ಹನ್ನೊಂದು ಸಾವಿರ ಮನೆಗಳನ್ನು ಚೀಟಿ ಎತ್ತಿ ಹಂಚಿದರು. ಕೆಲವರಿಗೆ ಪುಕ್ಕಟೆ, ಕೆಲವರಿಗೆ ಬೆಲೆಗೆ, ಕೆಲವರಿಗೆ ಇಲ್ಲವೇ ಇಲ್ಲ. ಮೂರೂವರೆ ವರ್ಷದ ಮೇಲೆ ನೋಡಿದರೆ ಆಸ್ಪತ್ರೆಯ ಉಪಯೋಗ ಒಂದಿಷ್ಟು ಹೆಚ್ಚಿತ್ತು. ಆರೋಗ್ಯದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಾರ್ಡು ಹಿಡಿದು ಹೋದವರಲ್ಲಿ ಅನೇಕರಿಗೆ ಅದನ್ನು ಉಪಯೋಗಿಸಲು ಆಗಿಯೇ ಇರಲಿಲ್ಲ.

ಆ ಯೋಜನೆಯಲ್ಲಿ ನೋಂದಣಿ ಬೇಕಿತ್ತು, ಹಣ ಸಣ್ಣದಿತ್ತು. ಆರೋಗ್ಯಶ್ರೀಯಲ್ಲಿ ರೇಶನ್ ಕಾರ್ಡೇ ಸಾಕಾಗಿತ್ತು, ಪ್ರಾಣಕ್ಕೆ ಬರುವ ಬೇನೆಗಳನ್ನೇ ಆರಿಸಿಕೊಂಡಿದ್ದರು, ಹುಡುಕಿಕೊಂಡು ಬರುವ ಶಿಬಿರವಿತ್ತು. ಎರಡರ ಅಂತರಕ್ಕೆ ಇವೇ ಕಾರಣವೆಂದು ನಾನು ತಿಳಿಯುತ್ತೇನೆ. ಪಂಡಿತರು ಇನ್ನೂ ಬೇರೆ ಕಾರಣ ಹೇಳಬಹುದು. ಹೊರಗಿನಿಂದ ನೋಡಿದರೆ ಎರಡೂ "ಬಡವರಿಗೆ ಆಸ್ಪತ್ರೆಯ ಕಾರ್ಡು" ಎಂಬ ಒಂದೇ ಮಾತು. ವರದಿ ಬರೆದರೆ ಎರಡರದೂ ಒಂದೇ ತರಹ ಇರುತ್ತದೆ: ಇಷ್ಟು ಲಕ್ಷ ಕಾರ್ಡು ಹಂಚಲಾಗಿದೆ!

ಆರೋಗ್ಯಶ್ರೀ ೨೦೧೮ರಲ್ಲಿ ಆರೋಗ್ಯ ಕರ್ನಾಟಕದಲ್ಲಿಯೂ, ಅದೇ ವರ್ಷ ಅದು ಕೇಂದ್ರದ ಆಯುಷ್ಮಾನ್ ಭಾರತದ ಜೊತೆಯಲ್ಲಿಯೂ ಸೇರಿತು. ಆಯುಷ್ಮಾನ್ ಭಾರತದ ನಿಯಮದಂತೆ ಒಂದು ರಾಜ್ಯದ ಕಾರ್ಡಿನವರು ಇನ್ನೊಂದು ರಾಜ್ಯದ ಒಪ್ಪಂದದ ಆಸ್ಪತ್ರೆಯಲ್ಲಿಯೂ ಚಿಕಿತ್ಸೆ ಪಡೆಯಬಹುದು. ಇದು ನೇರವಾಗಿ ನಮಗೆ ಸಂಬಂಧಿಸಿದ್ದು. ಘಣಸೋಲಿ, ರಬಾಳೆ, ಕೋಪರಖೈರಣೆಗಳಲ್ಲಿ ಕಟ್ಟಡದ ಪಕ್ಕದಲ್ಲಿಯೇ ಪತ್ರೆಯ ಗುಡಿಸಲು ಹಾಕಿಕೊಂಡಿರುವ ನಮ್ಮ ಜನರಲ್ಲಿ ಬಹಳಷ್ಟು ಮಂದಿಯ ಕಾರ್ಡು ಊರಿನಲ್ಲಿದೆ, ಟ್ರಂಕಿನೊಳಗೆ. ಕೆಲವರ ಹೆಸರು ಒಂದು ರೇಶನ್ ಕಾರ್ಡಿನಲ್ಲಿ, ಹೆಂಡತಿಯ ಹೆಸರು ತವರಿನ ಕಾರ್ಡಿನಲ್ಲಿ. ಆಧಾರದಲ್ಲಿ ಹೆಸರಿನ ಅಕ್ಷರ ಬೇರೆ. ನನ್ನ ಪರಿಚಯದ ಒಬ್ಬ ಗೌಂಡಿಯು ಕಳೆದ ಮಳೆಗಾಲದಲ್ಲಿ ಅಣ್ಣನನ್ನು ಎದೆನೋವಿಗೆ ಒಂದು ಆಸ್ಪತ್ರೆಗೆ ಒಯ್ದು, ಕಾರ್ಡು ಊರಿನಿಂದ ಬರುವ ತನಕ ಕಾಯಲಾಗದೆ ಮುಕಾದಮನ ಕಡೆಯಿಂದ ಬಡ್ಡಿಗೆ ದುಡ್ಡು ತಂದ. ಅಣ್ಣ ಉಳಿದ. ಬಡ್ಡಿ ಇನ್ನೂ ನಡೆದಿದೆ. ಆದರೆ ಇದೂ ಒಂದು ಷಡ್ಡಕನ ಕಥೆಯೇ. ಇಂಥವರು ಹತ್ತರಲ್ಲಿ ಇಬ್ಬರೋ ಎಂಟು ಮಂದಿಯೋ? ಕಾರ್ಡು ತೋರಿಸಿ ದುಡ್ಡಿಲ್ಲದೆ ಹೊರಬಂದವರು ಎಷ್ಟು ಮಂದಿ?

ಈ ಲೆಕ್ಕ ತೆಗೆಯಲು ಪಂಡಿತರೇ ಬೇಕಾಗಿಲ್ಲ. ನಮ್ಮ ಸ್ತ್ರೀಯರು ಅರಿಶಿಣ-ಕುಂಕುಮಕ್ಕೆ ಮನೆಮನೆಗೆ ಹೋಗುತ್ತಾರೆ, ವಂತಿಗೆ ಎತ್ತಲು ನಾವು ಹೋಗುತ್ತೇವೆ. ಜೊತೆಗೆ ಒಂದು ಗೆರೆ ಹಾಕಿದ ನೋಟುಬುಕ್ಕು ಇದ್ದರಾಯಿತು. ಎಡಗಡೆಯಲ್ಲಿ ಮನೆಯ ಅನುಕ್ರಮ ಸಂಖ್ಯೆ. ಹೆಸರು ಬೇಡ, ಬೇನೆ ಎಂಬುದು ಅವರವರ ಮನೆಯ ಮಾತು. ಆಮೇಲೆ ಕಾರ್ಡು ಉಂಟೇ ಇಲ್ಲವೇ, ಅದು ಎಲ್ಲಿದೆ, ಕಳೆದ ಒಂದು ವರ್ಷದಲ್ಲಿ ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿದಿರಾ, ಕಾರ್ಡು ತೋರಿಸಿದಿರಾ, ನಡೆಯಿತೇ, ನಡೆಯದಿದ್ದರೆ ಅವರು ಏನು ಹೇಳಿದರು, ಕೈಯಿಂದ ಎಷ್ಟು ಹೋಯಿತು. ಕಾರ್ಡೇ ಇಲ್ಲದ ಮನೆಗಳನ್ನೂ ಬಿಡದೆ ಬರೆಯಬೇಕು, ಅವರಿಗೆ ಎಷ್ಟು ಖರ್ಚಾಯಿತೆಂದು ಕೂಡ. ಇಲ್ಲದಿದ್ದರೆ ಪಕ್ಕದ ಕಾಲಮ್ಮು ಖಾಲಿ ಉಳಿಯುತ್ತದೆ. ಗುಡಿಸಲುಗಳಿಗೆ ರವಿವಾರ ಮಧ್ಯಾಹ್ನವೇ ಹೋಗಬೇಕು. ಉಳಿದ ದಿನ ಜನ ಸಿಗುವುದಿಲ್ಲ. ಇನ್ನೂರು ಮನೆಗಳ ಲೆಕ್ಕ ಕೈಯಲ್ಲಿದ್ದರೆ ಕಾರ್ಡು ತರಿಸಿಕೊಳ್ಳಲು ಸಂಘದಿಂದ ಒಬ್ಬರನ್ನು ಊರಿಗೆ ಕಳಿಸುವುದು ಮೇಲೋ, ಇಲ್ಲಿಯ ಆಸ್ಪತ್ರೆಯವರೊಡನೆ ಮಾತಾಡುವುದು ಮೇಲೋ, ಹೆಸರಿನ ಅಕ್ಷರ ತಿದ್ದಿಸಲು ಅರ್ಜಿ ಬರೆದುಕೊಡುವುದು ಮೇಲೋ ಎಂದು ಕಾರ್ಯಕಾರಿ ಸಮಿತಿಯವರು ಕೂತು ನೋಡಬಹುದು.

ನೋಟುಬುಕ್ಕಿಗೆ ಗೆರೆ ಹಾಕುವ ಕೆಲಸ ನಾನು ಮಾಡಿಕೊಡುತ್ತೇನೆ; ಅದರಲ್ಲಿ ಹದಿಮೂರು ವರ್ಷದ ಅನುಭವವಿದೆ. ಘರೋಂದಾ ಕಡೆಯ ಮನೆಗಳನ್ನು ಇಬ್ಬರು ಮಹನೀಯರು ಈಗಾಗಲೇ ಒಪ್ಪಿಕೊಂಡಿದ್ದಾರೆ. ರೇಲ್ವೆ ಹಳಿಯ ಆಚೆಗಿನ ಗುಡಿಸಲುಗಳಿಗೆ ಮರಾಠಿ ಹಾಗೂ ಕಲಬುರಗಿ ಕಡೆಯ ಮಾತು ಎರಡೂ ಬಲ್ಲವರು ಬೇಕಾಗಿದ್ದಾರೆ.